ಲಂಡನ್‌ನ ಕೊನೆಯ ಮೂರು ದಿನ ಬರೀ ಹಾಡಿನ ನಾಟಕ ನೋಡಿದೆವು: ಹೋಗುವವರಿಗೆ ಉಪಯೋಗ ಆದೀತು

ಪೇಟಿಮೇಷ್ಟ್ರ ಮಗ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಮನೆಯವಳೂ ಮಗಳ ಮನೆಗೆಂದು ಲಂಡನ್‌ಗೆ ಹೋಗಿ, ಹತ್ತೊಂಬತ್ತು ದಿನ ಇದ್ದು, ಹೋದ ವಾರ ಮಂಡ್ಯಕ್ಕೆ ಬಂದೆವು. ಹೊರಡುವ ಮುಂಚೆ ಇಲ್ಲೇ ನಿಮ್ಮನ್ನೆಲ್ಲ ಕೇಳಿ ಪಟ್ಟಿ ಮಾಡಿಕೊಂಡಿದ್ದೆ. ಆ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ ಬರೆಯುತ್ತಿದ್ದೇನೆ.

ಹದಿನಾರನೇ ದಿನದ ಹೊತ್ತಿಗೆ ಕೋಟೆ, ಸೇತುವೆ, ಮ್ಯೂಸಿಯಂ, ಅರಮನೆ ಮುಂದೆ ಕಾವಲು ಬದಲಾಗುವುದು ಎಲ್ಲ ನೋಡಿ ಆಗಿತ್ತು. ಕಾಲು ಸೋತಿತ್ತು. ಮನಸ್ಸಂತೂ ಆಗಲೇ ಊರಿಗೆ ಬಂದುಬಿಟ್ಟಿತ್ತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರಾ, ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕಿದರಾ, ಇದೇ ಯೋಚನೆ. ಇನ್ನು ಮೂರು ದಿನ ಇತ್ತು. ಅಂಗಡಿ ಸುತ್ತೋಣ ಅಂತ ಅಳಿಯ, ಇನ್ನೊಂದು ಊರು ನೋಡಿ ಬನ್ನಿ ಅಂತ ಫೋನಿನಲ್ಲಿ ನೆಂಟರು. ಮಗಳು ಮಾತ್ರ ಕೇಳಿದಳು, "ಅಪ್ಪಾ, ತಾತ ಪೇಟಿ ಬಾರಿಸ್ತಿದ್ರಲ್ಲ, ಇಲ್ಲಿಯ ಹಾಡಿನ ನಾಟಕ ನೋಡ್ತೀಯಾ?" ಅಂತ. ಮೂರು ಸಂಜೆಗೂ ಟಿಕೆಟ್ ಮಾಡಿಸಿಬಿಟ್ಟಳು.

ನನ್ನ ತಂದೆ ಪಾಂಡವಪುರ ಸುತ್ತಿನ ಹಳ್ಳಿಗಳಲ್ಲಿ ಪೇಟಿ ಮೇಷ್ಟ್ರಾಗಿದ್ದವರು, ಅಂದರೆ ಹಾರ್ಮೋನಿಯಂ ಬಾರಿಸಿ ನಾಟಕದ ಹಾಡು ಕಲಿಸುವವರು. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಊರಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವುದು, ತಿಂಗಳುಗಟ್ಟಲೆ ರಾತ್ರಿ ತಾಲೀಮು. ಉಳುವವರು, ಗಾಡಿ ಹೊಡೆಯುವವರು, ಆಲೆಮನೆಯಲ್ಲಿ ಬೆಲ್ಲ ತೆಗೆಯುವವರು ಬಂದು ಹಾಡು ಕಲಿಯುತ್ತಿದ್ದರು. ನಾನು ಹುಡುಗ, ತಾಲೀಮಿನ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿ ಆ ಪದ್ಯಗಳನ್ನು ಕೇಳುತ್ತಲೇ ನಿದ್ದೆ ಮಾಡಿದವನು. ಹೀಗಾಗಿ ಇಂಗ್ಲಿಷಿನ ಹಾಡಿನ ನಾಟಕದ ಮುಂದೆ ಕೂತಾಗ ನನಗೆ ಪರಸ್ಥಳ ಅನ್ನಿಸಲಿಲ್ಲ.

ಮೊದಲ ಸಂಜೆ ನೋಡಿದ್ದು ಲೆ ಮಿಸರಾಬ್ಲ್. ಫ್ರೆಂಚ್ ಲೇಖಕ ಹ್ಯೂಗೊ 1862ರಲ್ಲಿ ಬರೆದ ಕಾದಂಬರಿಯ ಮೇಲೆ ಕಟ್ಟಿದ್ದು. 1985ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಶುರುವಾಗಿ ಈಗ ಶಾಫ್ಟ್ಸ್‌ಬರಿ ಅವೆನ್ಯೂದ ಸೋಂಡ್‌ಹೈಮ್ ಥಿಯೇಟರಿನಲ್ಲಿ ನಡೆಯುತ್ತಿದೆ. ರೊಟ್ಟಿ ಕದ್ದವನಿಗೆ ಐದು ವರ್ಷ ಜೈಲು, ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಇನ್ನೂ ಹದಿನಾಲ್ಕು. ಅಲ್ಲಿಂದ ಕಥೆ. ಇಡೀ ನಾಟಕದಲ್ಲಿ ಮಾತಾಡಿದ್ದು ಅಂತ ಇಲ್ಲವೇ ಇಲ್ಲ ಅನ್ನಬಹುದು, ಜಗಳವೂ ಹಾಡೇ, ಸಾವೂ ಹಾಡೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ನಾಯಕ ಇನ್ನು ಬೇರೆ ಮನುಷ್ಯನಾಗುತ್ತೇನೆ ಎಂದು ನಿರ್ಧಾರ ಮಾಡುವಾಗ ಹಾಡುವ ಮಟ್ಟು ಇದೆಯಲ್ಲ, ಅದೇ ಮಟ್ಟನ್ನು ಅವನ ಬೆನ್ನು ಬಿದ್ದ ಪೊಲೀಸ್ ಅಧಿಕಾರಿ ಎರಡನೇ ಅರ್ಧದಲ್ಲಿ, ಜೀವ ಕಳೆದುಕೊಳ್ಳುವ ಮುಂಚೆ ಹಾಡುತ್ತಾನೆ. ಒಬ್ಬ ಕ್ಷಮೆ ಪಡೆದು ಬದುಕಿದ, ಇನ್ನೊಬ್ಬ ಕ್ಷಮೆ ತಾಳಲಾರದೆ ಸತ್ತ, ಮಟ್ಟು ಒಂದೇ. ಅಲ್ಲಿ ಕೂತು ನನಗೆ ಮೈ ಜುಮ್ಮೆಂದಿತು. ನಮ್ಮ ಕಡೆ ಒಂದು ಮಟ್ಟಿಗೆ ಬೇರೆ ಬೇರೆ ಪದ್ಯ ಕೂರಿಸುವುದು ಮಾಮೂಲು. ಕಥೆಯ ಅರ್ಥವನ್ನೇ ಹೀಗೆ ಮಟ್ಟಿನ ಮೇಲೆ ಹೊರಿಸಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ.

ಎರಡನೆಯದು, ರಾತ್ರಿಯ ಹೊತ್ತು, ಬೀದಿಯಲ್ಲಿ ಅಡ್ಡಗಟ್ಟೆ ಕಟ್ಟಿ ಕಾದಾಡುವ ಹುಡುಗರೆಲ್ಲ ಮಲಗಿರುವಾಗ ನಾಯಕ ಒಬ್ಬ ಹುಡುಗನ ಪ್ರಾಣ ಉಳಿಸು ಅಂತ ದೇವರನ್ನು ಕೇಳುವ ಹಾಡು. ನಮ್ಮಲ್ಲಿ ತಾರಸ್ಥಾಯಿ ಅಂದರೆ ಗಂಟಲು ಬಿಚ್ಚಿ, ಊರಾಚೆಗೂ ಕೇಳುವ ಹಾಗೆ ಎತ್ತುವುದು. ಆತ ತಾರಸ್ಥಾಯಿಗೆ ಹೋಗಿ ಅಲ್ಲಿ ದನಿ ತಗ್ಗಿಸಿದ. ಉಸಿರಿನಷ್ಟು ಸಣ್ಣ ಮಾಡಿದ. ಇಡೀ ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಮ್ಮಪ್ಪ ಇದನ್ನು ಕೇಳಿದ್ದರೆ ಏನು ಹೇಳುತ್ತಿದ್ದರು ಅಂತ ಹ್ಯಾರೋದಲ್ಲಿರುವ ಮಗಳ ಮನೆ ತಲುಪುವ ತನಕ ಯೋಚಿಸಿದೆ.

ಉಳಿದೆರಡು ಸಂಜೆಯ ಕಥೆ ಆಮೇಲೆ ಬರೆಯುತ್ತೇನೆ. ನೀವೂ ಹೋಗುವವರಿದ್ದರೆ ಕೊನೆಯ ದಿನಗಳನ್ನು ಇದಕ್ಕೆ ಇಟ್ಟುಕೊಳ್ಳಿ.

ಮದ್ದೂರು ಹುಡುಗ:

ಮೇಷ್ಟ್ರೇ, ಚೆನ್ನಾಗಿ ಬರ್ದಿದೀರ. ನಾವು ಇಬ್ರು ಮೇ ತಿಂಗಳಲ್ಲಿ ಹೋಗ್ತಾ ಇದೀವಿ. ಟಿಕೆಟ್ಟಿಗೆ ಎಷ್ಟಾಯ್ತು, ಎಲ್ಲಿ ತಗೊಂಡ್ರಿ, ಅದನ್ನೊಂಚೂರು ಬಿಡಿಸಿ ಹೇಳಿ. ನೆಟ್ಟಲ್ಲಿ ನೋಡಿದ್ರೆ ಒಂದೊಂದು ಕಡೆ ಒಂದೊಂದು ರೇಟು ತೋರಿಸ್ತದೆ.

ಪೇಟಿಮೇಷ್ಟ್ರ ಮಗ, ಮಂಡ್ಯ:

ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಮಗೂ ಒಂದು ಕಡೆ ಪೆಟ್ಟು ಬಿತ್ತು. ಅಳಿಯ ಆತುರದಲ್ಲಿ ಒಂದು ಮರುಮಾರಾಟದ ಸೈಟಿನಲ್ಲಿ ತೆಗೆದ. ಥಿಯೇಟರಿನ ಸ್ವಂತ ಸೈಟಿಗಿಂತ ಒಬ್ಬೊಬ್ಬರಿಗೆ ಹನ್ನೆರಡು ಪೌಂಡು ಹೆಚ್ಚು ಕೊಟ್ಟಿದ್ದೆವು ಅಂತ ಆಮೇಲೆ ಗೊತ್ತಾಯಿತು. ಅದೂ ಕಂಬದ ಹಿಂದಿನ ಸೀಟು. ಹಳೇ ಥಿಯೇಟರುಗಳಲ್ಲಿ ಮೇಲಂತಸ್ತು ಹೊರುವ ಕಂಬಗಳಿರುತ್ತವೆ, ಹಾಗಾಗಿ ಸೀಟಿನ ವಿವರದಲ್ಲಿ ನೋಟಕ್ಕೆ ಅಡ್ಡಿ ಇದೆ ಅಂತ ಬರೆದಿದೆಯಾ ಅಂತ ಓದಿಯೇ ದುಡ್ಡು ಕಟ್ಟಿ. ಥಿಯೇಟರಿನ ಸೈಟು, ಅದು ಬಿಟ್ಟರೆ ಬಾಗಿಲಲ್ಲಿರುವ ಬಾಕ್ಸ್ ಆಫೀಸು, ಇವೆರಡೇ ನಂಬಿಕೆಯ ದಾರಿ.

ಇನ್ನೊಂದಿದೆ. ಲೆಸ್ಟರ್ ಸ್ಕ್ವೇರಿನಲ್ಲಿ ಟಿಕೆಟಿಎಸ್ (TKTS) ಅನ್ನುವ ಸಣ್ಣ ಕಟ್ಟಡ, 1980ರಿಂದ ಇದೆ. ಆ ದಿನಕ್ಕೂ ಮುಂದಿನ ಕೆಲವು ದಿನಕ್ಕೂ ಉಳಿದ ಟಿಕೆಟ್ಟನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಆ ಚೌಕದಲ್ಲಿ ಅದೇ ಥರ ಬೋರ್ಡು ಹಾಕಿಕೊಂಡ ಬೇರೆ ಅಂಗಡಿಗಳೂ ಇವೆ, ಮೋಸ ಹೋಗಬೇಡಿ. ಇನ್ನು ಕೆಲವು ಥಿಯೇಟರುಗಳವರು ಬೆಳಿಗ್ಗೆ ಅವತ್ತಿನ ಆಟಕ್ಕೇ ಅಂತ ಒಂದಷ್ಟು ಟಿಕೆಟ್ ಅಗ್ಗದಲ್ಲಿ ಬಿಡುತ್ತಾರೆ.

ನಾವು ಒಬ್ಬರಿಗೆ 30ರಿಂದ 45 ಪೌಂಡಿನ ಒಳಗೆ ಮುಗಿಸಿದೆವು. ಒಳ್ಳೆ ಸೀಟು ನೂರು ಪೌಂಡು ದಾಟುತ್ತದೆ. ಒಂದು ಪೌಂಡಿಗೆ ನೂರು ರೂಪಾಯಿಗಿಂತ ಜಾಸ್ತಿ ಅನ್ನುವುದು ನೆನಪಿರಲಿ.

ವಾರಕ್ಕೆ ಎಂಟು ಆಟ ಆಡುತ್ತಾರೆ, ಆರು ಸಂಜೆ, ಎರಡು ಮಧ್ಯಾಹ್ನ. ಬಹಳಷ್ಟು ಥಿಯೇಟರುಗಳಿಗೆ ಭಾನುವಾರ ರಜೆ, ಕೆಲವಕ್ಕೆ ಸೋಮವಾರ. ನಿಮ್ಮ ಕೊನೆಯ ದಿನಗಳು ಭಾನುವಾರ ಸೋಮವಾರಕ್ಕೆ ಬಿದ್ದರೆ ಮುಂಚೆಯೇ ನೋಡಿಕೊಳ್ಳಿ. ಊರಿಗೆ ಹೊರಡುವ ದಿನವೇ ಮಧ್ಯಾಹ್ನದ ಆಟ ಇಟ್ಟುಕೊಳ್ಳಬೇಡಿ. ದೊಡ್ಡ ಸೂಟ್‌ಕೇಸನ್ನು ಒಳಗೆ ಬಿಡುವುದಿಲ್ಲ, ಇಡಲು ಜಾಗವೂ ಇರುವುದಿಲ್ಲ.

ಸರಸ್ವತಿಪುರಂ ಅಕ್ಕ:

ಮೇಷ್ಟ್ರೇ, ಕೊನೆಯ ದಿನಗಳು ಅಂತ ನೀವು ಹೇಳಿದ್ದು ಯಾಕೆ ಸರಿ ಅಂತ ನನ್ನ ಅನುಭವದಿಂದ ಹೇಳ್ತೀನಿ. ನಾವು 2019ರಲ್ಲಿ ಮಗನ ಮನೆ ನ್ಯೂಯಾರ್ಕಿಗೆ ಹೋದಾಗ ಇಳಿದ ಮಾರನೇ ದಿನವೇ ಬ್ರಾಡ್‌ವೇ ನಾಟಕಕ್ಕೆ ಕರ್ಕೊಂಡು ಹೋದ. ಅಲ್ಲಿ ಸಂಜೆ ಏಳೂವರೆ ಅಂದರೆ ನಮ್ಮ ಮೈಗೆ ಬೆಳಗಿನ ಜಾವ ಐದು ಗಂಟೆ. ಅಷ್ಟು ದುಡ್ಡು ಕೊಟ್ಟ ಸೀಟಿನಲ್ಲಿ ನಮ್ಮವರು ಮೊದಲ ಹಾಡಿಗೇ ನಿದ್ದೆ ಹೋದರು. ನಾನು ಚಿವುಟಿಕೊಂಡು ಕೂತಿದ್ದೆ, ಆದರೂ ಏನು ನೋಡಿದೆ ಅಂತ ಇವತ್ತಿಗೂ ನೆನಪಿಲ್ಲ. ಲಂಡನ್ ಆದರೂ ಬೇಸಿಗೆಯಲ್ಲಿ ಏಳೂವರೆ ಅಂದರೆ ನಮಗೆ ಮಧ್ಯರಾತ್ರಿ ಹನ್ನೆರಡು, ಚಳಿಗಾಲದಲ್ಲಿ ಒಂದು ಗಂಟೆ. ಎರಡು ವಾರ ಕಳೆದ ಮೇಲೆ ಮೈ ಅಲ್ಲಿನ ಹೊತ್ತಿಗೆ ಹೊಂದಿಕೊಂಡಿರುತ್ತೆ. ಆಗ ಹೋದರೆ ನಾಟಕ ದಕ್ಕುತ್ತೆ.

ಹೊರಡುವ ಮುಂಚಿನ ರಾತ್ರಿ ನಾನು ಹಟ ಮಾಡಿ ಮತ್ತೆ ಹೋದೆ. ಮೆಜೆಸ್ಟಿಕ್ ಥಿಯೇಟರಿನಲ್ಲಿ ಫ್ಯಾಂಟಮ್ ಆಫ್ ದಿ ಆಪೆರಾ. 1988ರಿಂದ ಅಲ್ಲೇ ನಡೀತಿತ್ತು. ಅವತ್ತು ಕಣ್ಣು ಮಿಟುಕಿಸದೆ ನೋಡಿದೆ. ಆಮೇಲೆ 2023ರ ಏಪ್ರಿಲ್ 16ಕ್ಕೆ 13,981ನೇ ಪ್ರದರ್ಶನ ಆಡಿ ನಿಲ್ಲಿಸಿಬಿಟ್ಟರು ಅಂತ ಪೇಪರಿನಲ್ಲಿ ಓದಿ ಮನೆಯವರೇ ಯಾರೋ ಊರು ಬಿಟ್ಟ ಹಾಗಾಯಿತು.

ಒಂದು ಪ್ರಶ್ನೆ ಇದೆ. ಇಂಗ್ಲಿಷು ಓದಿದರೆ ತಿಳಿಯುತ್ತೆ, ಹಾಡಿದರೆ ನನಗೆ ಅರ್ಧ ಮಾತ್ರ ಸಿಗುತ್ತೆ. ನಿಮ್ಮ ಮನೆಯವರಿಗೆ ಹೇಗಾಯಿತು?

ಒಂಟಿಕೊಪ್ಪಲ್ ರಾಯರು:

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ, ತಪ್ಪು ತಿಳಿಯಬೇಡಿ. ಮಕ್ಕಳ ಮನೆಗೆ ಹೋದವರಿಗೆ ಕೊನೆಯ ಮೂರು ದಿನ ಅಂದರೆ ಚಿನ್ನ. ಮತ್ತೆ ಯಾವಾಗ ನೋಡುತ್ತೇವೋ. ಆ ದಿನಗಳಲ್ಲಿ ಮೊಮ್ಮಕ್ಕಳ ಜೊತೆ ಮನೆಯಲ್ಲಿ ಕೂತು, ಒಂದು ಹುಳಿ ಅನ್ನ ಮಾಡಿ ಹಾಕಿ, ತಲೆ ನೇವರಿಸಿ ಬರಬೇಕಲ್ಲವೇ? ಮೂರು ಸಂಜೆ ಕತ್ತಲಲ್ಲಿ ಯಾರದೋ ಹಾಡು ಕೇಳುತ್ತ ಕೂತರೆ ಮಗಳ ಜೊತೆ ಮಾತಾಡುವುದು ಯಾವಾಗ? ದುಡ್ಡಿನ ವಿಷಯ ಬಿಡಿ, ಅದು ಅವರವರ ಇಷ್ಟ.

ಪೇಟಿಮೇಷ್ಟ್ರ ಮಗ, ಮಂಡ್ಯ:

ರಾಯರೇ, ನೀವು ಹೇಳಿದ್ದನ್ನು ನಾನೂ ಯೋಚಿಸಿದ್ದೆ. ಎರಡನೇ ಸಂಜೆಯ ಕಥೆ ಹೇಳಿದರೆ ನಿಮಗೆ ಉತ್ತರ ಸಿಗಬಹುದು.

ಮೊಮ್ಮಗಳಿಗೆ ಏಳು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹದಿನಾರು ದಿನ ನಾನೂ ಅವಳೂ ಹೆಚ್ಚು ಮಾತಾಡಿರಲಿಲ್ಲ. ನಾನು ಕರೆದರೆ ಬರುತ್ತಿದ್ದಳು, ನಿಲ್ಲುತ್ತಿದ್ದಳು, ಹೋಗುತ್ತಿದ್ದಳು. ಅವಳನ್ನು ಕರೆದುಕೊಂಡು ಲೈಸಿಯಂ ಥಿಯೇಟರಿಗೆ ಲಯನ್ ಕಿಂಗ್ ನೋಡಲು ಹೋದೆವು. 1999ರಿಂದ ಅಲ್ಲಿ ನಡೆಯುತ್ತಿದೆ. ಶುರುವಿನ ಹಾಡು ದಕ್ಷಿಣ ಆಫ್ರಿಕದ ಜುಲು ಭಾಷೆಯದು. ಅಂದರೆ ಆ ಕ್ಷಣಕ್ಕೆ ಅಲ್ಲಿ ಕೂತ ಹೆಚ್ಚಿನವರಿಗೂ ನನ್ನ ಹೆಂಡತಿಗೂ ಒಂದೇ ಸ್ಥಿತಿ, ಯಾರಿಗೂ ಮಾತು ತಿಳಿಯದು, ಎಲ್ಲರಿಗೂ ಹಾಡು ತಿಳಿಯಿತು. ಆನೆ ಹಿಂದಿನ ಬಾಗಿಲಿಂದ ನಮ್ಮ ಸಾಲಿನ ಪಕ್ಕದಲ್ಲೇ ಹಾದು ರಂಗಕ್ಕೆ ಹೋಯಿತು. ಅಕ್ಕಪಕ್ಕದ ಮೇಲಿನ ಗೂಡುಗಳಲ್ಲಿ ತಾಳವಾದ್ಯದವರು.

ಪ್ರಾಣಿಗಳೆಲ್ಲ ಗೊಂಬೆ. ಆಡಿಸುವವರನ್ನು ಮರೆಮಾಡಿಯೇ ಇಲ್ಲ. ಸಿಂಹದ ಮುಖವಾಡ ತಲೆಯ ಮೇಲಿದೆ, ಅದರ ಕೆಳಗೆ ನಟನ ಮುಖ ಬಿಚ್ಚಿಯೇ ಇದೆ. ನಿರ್ದೇಶಕಿ ಜೂಲಿ ಟೇಮರ್ ಇಂಡೊನೇಷ್ಯಾದಲ್ಲಿ ಕೆಲವು ವರ್ಷ ಇದ್ದು ಅಲ್ಲಿನ ರಂಗಕಲೆ ಕಂಡವರು. ಬ್ರಾಡ್‌ವೇದ ಸಂಗೀತ ನಾಟಕ ನಿರ್ದೇಶನಕ್ಕೆ ಟೋನಿ ಪ್ರಶಸ್ತಿ ಪಡೆದ ಮೊದಲ ಹೆಂಗಸು, 1998ರಲ್ಲಿ. ನಾನು ಮೊಮ್ಮಗಳ ಕಿವಿಯಲ್ಲಿ, "ನಮ್ಮೂರಲ್ಲೂ ಗೊಂಬೆ ಆಡಿಸ್ತಾರೆ, ತೊಗಲಿನ ಗೊಂಬೆ, ಪರದೆ ಹಿಂದೆ ದೀಪ ಇಟ್ಟು" ಅಂದೆ. ವಿರಾಮದಲ್ಲಿ ಐಸ್‌ಕ್ರೀಮು ತಿನ್ನುತ್ತ ಅವಳು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ತೊಗಲು ಅಂದರೆ ಏನು, ನೆರಳಿಗೆ ಬಣ್ಣ ಹೇಗೆ ಬರುತ್ತೆ, ಮುತ್ತಾತ ಯಾಕೆ ನೆಲದ ಮೇಲೆ ಕೂತು ಪೇಟಿ ಬಾರಿಸ್ತಿದ್ರು. ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು. ರಾಯರೇ, ಅದು ನಾಟಕಕ್ಕೆ ಕಳೆದುಕೊಂಡ ಸಂಜೆ ಆಗಲಿಲ್ಲ.

ಅಕ್ಕ, ನಿಮ್ಮ ಪ್ರಶ್ನೆಗೆ: ನನ್ನ ಮನೆಯವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಹೋಗುವ ದಿನ ಟ್ರೈನಿನಲ್ಲಿ ಮಗಳು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿಬಿಡುತ್ತಿದ್ದಳು, ಯಾರು ಯಾರಿಗೆ ಏನಾಗಬೇಕು, ಎಲ್ಲಿ ವಿರಾಮ, ಯಾರು ಸಾಯುತ್ತಾರೆ, ಎಲ್ಲ. ಕಥೆ ಗೊತ್ತಾದರೆ ರುಚಿ ಕೆಡುತ್ತದೆ ಅನ್ನುವವರಿದ್ದಾರೆ. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ಬೆಳಗಿನ ಜಾವದ ತನಕ ಕೂರುವ ಊರಿನವರು ನಾವು.

ರಂಗಾಸಕ್ತ, ಮೈಸೂರು:

ತಡವಾಗಿ ಸೇರಿಕೊಂಡೆ. ಮೊದಲು ಹೆಸರಿನ ವಿಷಯ. ಮೇಷ್ಟ್ರು ಹಾಡಿನ ನಾಟಕ ಅಂತ ಬರೆದಿದ್ದು ಹಿತವಾಗಿದೆ. ಮ್ಯೂಸಿಕಲ್ ಅನ್ನುವುದಕ್ಕೆ ನಮ್ಮಲ್ಲಿ ಮಾತಿಲ್ಲ ಅಂದುಕೊಂಡವರು ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರನ್ನು ನೆನೆಯಬೇಕು. ಗೀತನಾಟಕ ಅನ್ನುವ ಪ್ರಕಾರವನ್ನು ಅಷ್ಟು ಪ್ರೀತಿಯಿಂದ ಬೆಳೆಸಿದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಅವರ ಗೋಕುಲ ನಿರ್ಗಮನವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಕೃಷ್ಣ ಗೋಕುಲ ಬಿಟ್ಟು ಹೊರಡುವುದಷ್ಟೇ ಕಥೆ. ಯುದ್ಧ ಇಲ್ಲ, ಕೊಲೆ ಇಲ್ಲ, ಅಗಲಿಕೆ ಮಾತ್ರ. ಅದನ್ನು ಹಾಡಲ್ಲದೆ ಬೇರೆ ಯಾವುದರಿಂದಲೂ ಹೇಳಲಾಗುವುದಿಲ್ಲ.

ಕಾರಂತರೇ ಹುಡುಗನಾಗಿ ಗುಬ್ಬಿ ನಾಟಕ ಕಂಪನಿ ಸೇರಿದವರು. 1989ರಲ್ಲಿ ಮೈಸೂರಿನ ರಂಗಾಯಣ ನಾಟಕ ಸಂಸ್ಥೆ ಕಟ್ಟಿದರು. ಸತ್ತವರ ನೆರಳು ನಾಟಕಕ್ಕೆ ಅವರು ಪುರಂದರದಾಸರ ಪದಗಳನ್ನು ಹೊಂದಿಸಿದ ಬಗೆಯನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ಕಂಪನಿಯ ಹಾಡಿನಿಂದ ಹೊಸ ರಂಗಭೂಮಿಯ ಹಾಡಿಗೆ ಬಂದ ದಾರಿ ಆ ಒಬ್ಬ ಮನುಷ್ಯನ ಒಳಗೇ ಇತ್ತು.

ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ಕಾಲಕ್ಕೆ, 1934ರ ಕುರುಕ್ಷೇತ್ರದಲ್ಲಿ, ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವು. ಲಂಡನ್ನಿನಲ್ಲಿ ಆನೆ ಪ್ರೇಕ್ಷಕರ ನಡುವೆ ಹಾದುಹೋಯಿತು ಅಂತ ಮೇಷ್ಟ್ರು ಬರೆದದ್ದು ಓದಿ ಇದೇ ನೆನಪಾಯಿತು.

ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ಅಲ್ಲಿ ನಾಟಕ ಒಂದೇ ಕಡೆ ಇರುತ್ತದೆ, ಜನ ಅದರ ಬಳಿಗೆ ಹೋಗುತ್ತಾರೆ. ಹಾಗಾಗಿ ನಲವತ್ತು ವರ್ಷ ಒಂದೇ ನಾಟಕ ನಿಲ್ಲುತ್ತದೆ, ರಂಗವನ್ನೇ ಆ ನಾಟಕಕ್ಕೆ ತಕ್ಕಂತೆ ಕೊರೆದು ಕಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಕಂಪನಿಯೇ ಜನರ ಬಳಿಗೆ ಹೋಗುತ್ತಿತ್ತು. ಒಂದು ಊರಲ್ಲಿ ಮುಕ್ಕಾಂ ಹಾಕಿ, ಜನ ಬರುವಷ್ಟು ದಿನ ಆಡಿ, ಸೀನರಿ ಎಲ್ಲ ಲಾರಿಗೋ ರೈಲಿಗೋ ಹೇರಿಕೊಂಡು ಮುಂದಿನ ಊರು. ಸಿನಿಮಾ ಬಂದ ಮೇಲೆ ಆ ತಿರುಗಾಟದ ಖರ್ಚು ಹುಟ್ಟಲಿಲ್ಲ. ನಟರೂ ಸಿನಿಮಾಕ್ಕೆ ಹೋದರು. ರಾಜ್‌ಕುಮಾರ್ ಅವರೂ ಅವರ ತಂದೆಯೂ ಗುಬ್ಬಿ ಕಂಪನಿಯಲ್ಲಿದ್ದವರಲ್ಲವೇ. ನಮ್ಮ ಹಾಡಿನ ನಾಟಕ ಸಿನಿಮಾದೊಳಗೆ ಹೋಗಿ ಸೇರಿಕೊಂಡಿತು ಅಂತಲೇ ನನ್ನ ನಂಬಿಕೆ. ಅಲ್ಲಿ ಅದು ಥಿಯೇಟರಿನಲ್ಲೇ ಉಳಿಯಿತು.

ದುರ್ಯೋಧನ ಪಾರ್ಟು:

ಮೇಷ್ಟ್ರೇ, ರಂಗಾಸಕ್ತರೇ, ಓದಿ ಬೋ ಖುಸಿ ಆಯ್ತು. ನಮ್ಮೂರ್ ಕುರುಕ್ಷೇತ್ರದಲ್ಲಿ ಹತ್ತು ವರ್ಸದಿಂದ ನಾನೇ ದುರ್ಯೋಧನ. ಸಿನಿಮಾಕ್ಕೆ ಹೋಗ್ಬುಡ್ತು ಅಂದ್ರಲ್ಲ, ಅದ್ಕೆ ಒಂದ್ ಮಾತು. ಮಂಡ್ಯ ಸೀಮೇಲಿ ಯಾವ್ ಊರಿಗೆ ಬೇಕಾದ್ರೂ ಬನ್ನಿ, ಹಬ್ಬ ಆದ್ಮೇಲೆ ಹಾಡಿನ ನಾಟ್ಕ ಐತೆ. ನಮ್ಗೆ ಯಾರೂ ಕಾಸು ಕೊಡಲ್ಲ, ನಾವ್ ಮಾಡೋ ಪಾರ್ಟಿಗೆ ನಾವೇ ದುಡ್ಡು ಹಾಕ್ತೀವಿ. ಸೀನರಿಯವ್ರಿಗೆ, ಪೇಟಿ ಮೇಷ್ಟ್ರಿಗೆ, ತಬಲದವ್ರಿಗೆ ಅದ್ರಲ್ಲೇ ಕೊಡೋದು. ದುರ್ಯೋಧನನ ಪಾರ್ಟಿಗೆ ಎಲ್ರಿಗಿಂತ ಜಾಸ್ತಿ. ಕಬ್ಬಿನ್ ದುಡ್ಡು ಬಂದ್ ತಕ್ಸಣ ನಾನು ಮೊದ್ಲು ಎತ್ತಿಡೋದು ಅದುನ್ನೇ.

ಈಗ ಯೋಳಿ, ಅಲ್ಲಿ ಒನ್ಸ್ ಮೋರ್ ಐತಾ? ಕಂದ ಎತ್ತಿ ಮುಗ್ಸೋ ಹೊತ್ಗೆ ಜನ ಎದ್ದು ಒನ್ಸ್ ಮೋರ್ ಅಂದ್ರೆ ಆ ಖುಸಿ ಬೇರೆ.

ಪೇಟಿಮೇಷ್ಟ್ರ ಮಗ, ಮಂಡ್ಯ:

ಇಲ್ಲಣ್ಣ, ಒನ್ಸ್ ಮೋರ್ ಇಲ್ಲ. ಹಾಡು ಮುಗಿದಾಗ ಚಪ್ಪಾಳೆ ಬೀಳುತ್ತದೆ, ಅದಕ್ಕೊಂದಿಷ್ಟು ಜಾಗ ಬಿಟ್ಟೇ ಮುಂದಿನ ಸ್ವರ ಎತ್ತುತ್ತಾರೆ. ಕೊನೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಅದೇ ಅವರ ಗೌರವ. ಹಾಡಿನ ಮಧ್ಯೆ ಯಾರೂ ನೋಟು ತರುವುದಿಲ್ಲ, ಹಾರ ಹಾಕುವುದಿಲ್ಲ. ತಡವಾಗಿ ಹೋದರೆ ಹಾಡೊಂದು ಮುಗಿಯುವ ತನಕ ಬಾಗಿಲ ಹೊರಗೆ ನಿಲ್ಲಿಸುತ್ತಾರೆ.

ಮೈಕು ನಮ್ಮ ಹಾಗೆ ರಂಗದ ಮುಂದೆ ನೇತಾಡುವುದಿಲ್ಲ. ಹಣೆಯ ಮೇಲೆ, ಕೂದಲ ಅಂಚಿನಲ್ಲಿ ಸಣ್ಣ ಗುಂಡಿಯಷ್ಟು. ಅದರಿಂದ ನಟ ಎಲ್ಲಿ ನಿಂತು ಬೇಕಾದರೂ, ಮಲಗಿಕೊಂಡಾದರೂ ಹಾಡಬಹುದು. ಪದ್ಯ ಬಂದಾಗ ನೀನೂ ಶಕುನಿಯೂ ಮೈಕಿನ ಹತ್ತಿರ ನಡೆದು ಬರಬೇಕಲ್ಲ, ಆ ತೊಂದರೆ ಇಲ್ಲ.

ವಾರಕ್ಕೆ ಎಂಟು ಆಟಕ್ಕೆ ಗಂಟಲು ತಡೆಯಬೇಕಲ್ಲ, ಅದಕ್ಕೆ ದೊಡ್ಡ ಪಾತ್ರಗಳಿಗೆ ಬದಲಿ ನಟರನ್ನು ತಯಾರು ಮಾಡಿ ಇಟ್ಟಿರುತ್ತಾರೆ. ಇವತ್ತು ಯಾರು ಆಡುತ್ತಾರೆ ಅಂತ ಬಾಗಿಲಲ್ಲಿ ಬೋರ್ಡು ಇರುತ್ತದೆ. ಮದ್ದೂರಿನವರೇ, ನೀವು ಯಾರೋ ಒಬ್ಬ ಹೆಸರಾಂತ ನಟನಿಗಾಗಿಯೇ ಹೋಗುವುದಾದರೆ ಅದನ್ನು ಮುಂಚೆ ಕೇಳಿಕೊಳ್ಳಿ. ನಾವು ನೋಡಿದ ಒಂದು ದಿನ ಮುಖ್ಯ ಪಾತ್ರ ಮಾಡಿದ್ದು ಬದಲಿ ಹುಡುಗನೇ. ಒಂದು ಕೂದಲೂ ಕೊಂಕಲಿಲ್ಲ.

ಹೆಬ್ಬಾಳ್ ಎರಡನೇ ಹಂತ:

ನಮಗೆ ಲಂಡನ್ನೂ ಇಲ್ಲ ನ್ಯೂಯಾರ್ಕೂ ಇಲ್ಲ, ವೀಸಾ ಎಲ್ಲ ಆಗದ ಮಾತು. ಈ ದೊಡ್ಡ ನಾಟಕಗಳನ್ನು ಇಲ್ಲೇ ಎಲ್ಲಾದರೂ ನೋಡಲು ಆಗುತ್ತದೆಯೇ?

ಸರಸ್ವತಿಪುರಂ ಅಕ್ಕ:

ಮುಂಬಯಿಗೆ ಹೋಗಿ ತಮ್ಮಾ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ನೀತಾ ಮುಖೇಶ್ ಅಂಬಾನಿ ಕಲ್ಚರಲ್ ಸೆಂಟರ್ ಅಂತ 2023ರ ಮಾರ್ಚಿನಲ್ಲಿ ತೆರೆದರು. ಅದರ ದೊಡ್ಡ ಥಿಯೇಟರಿನಲ್ಲಿ 2,000 ಸೀಟು. ಆ ಮೇ ತಿಂಗಳಲ್ಲೇ ಸೌಂಡ್ ಆಫ್ ಮ್ಯೂಸಿಕ್ ಬಂತು. 2025ರ ಮಾರ್ಚಿನಲ್ಲಿ ಫ್ಯಾಂಟಮ್ ಕೂಡ ಬಂತು. ನಮ್ಮವರೇ ಮಾಡಿದ್ದು ಬೇಕಾದರೆ ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶಿಸಿದ ಮೊಘಲ್-ಎ-ಆಜಂ, 2016ರಲ್ಲಿ ಮುಂಬಯಿಯಲ್ಲೇ ಶುರುವಾದದ್ದು. ನಟರು ರಂಗದ ಮೇಲೆ ತಾವೇ ಹಾಡ್ತಾರೆ, ಕಥಕ್ ನೃತ್ಯದ ದೊಡ್ಡ ತಂಡ ಇದೆ.

ಮುಂಬಯಿ ಪ್ರವಾಸಕ್ಕೂ ಮೇಷ್ಟ್ರ ಲೆಕ್ಕವೇ ಸರಿ. ಮೊದಲ ದಿನಗಳಲ್ಲಿ ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ ಎಲ್ಲ ಮುಗಿಸಿ, ಕೊನೆಯ ಎರಡು ಸಂಜೆ ನಾಟಕಕ್ಕೆ ಇಡಿ.

ರಂಗಾಸಕ್ತ, ಮೈಸೂರು:

ಅಷ್ಟು ದೂರ ಹೋಗುವ ಮುಂಚೆ ಹೆಬ್ಬಾಳದಿಂದ ಕಲಾಮಂದಿರಕ್ಕೆ ಒಂದು ಸಿಟಿ ಬಸ್ಸು ಹಿಡಿದು ಬನ್ನಿ. ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯಕ್ಕೆ ನಾಟಕ ಇರುತ್ತದೆ. ಟಿಕೆಟ್ ಬೆಲೆಯಲ್ಲಿ ಲಂಡನ್ನಿನ ಒಂದು ಐಸ್‌ಕ್ರೀಮೂ ಬರುವುದಿಲ್ಲ. 2010ರಲ್ಲಿ ಇದೇ ಆವರಣದಲ್ಲಿ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ಬಸವಲಿಂಗಯ್ಯನವರು ರಂಗಕ್ಕೆ ತಂದಾಗ ರಾತ್ರಿ ಶುರುವಾದದ್ದು ಬೆಳಗಿಗೆ ಮುಗಿಯುತ್ತಿತ್ತು, ಸುಮಾರು ಒಂಬತ್ತು ಗಂಟೆ. ಹಂಸಲೇಖ ಅವರ ಸಂಗೀತ. ನಾಲ್ಕು ರಂಗಸ್ಥಳ, ಪ್ರೇಕ್ಷಕರೇ ಚಾಪೆ ಕಂಬಳಿ ಹಿಡಿದು ಒಂದರಿಂದ ಒಂದಕ್ಕೆ ಎದ್ದು ಹೋಗಬೇಕು. ನಾನು ಮೂರು ಸಲ ನೋಡಿದೆ. ಕೊನೆಯ ಹೊತ್ತಿಗೆ ಹಕ್ಕಿ ಕೂಗಲು ಶುರುವಾದಾಗ ಅದು ನಾಟಕದ ಹಕ್ಕಿಯೋ ನಿಜದ ಹಕ್ಕಿಯೋ ತಿಳಿಯುತ್ತಿರಲಿಲ್ಲ. ಅಂಥದ್ದನ್ನು ಜಗತ್ತಿನ ಯಾವ ಊರಿನ ಪ್ರವಾಸಿಗಾದರೂ ಧೈರ್ಯವಾಗಿ ತೋರಿಸಬಹುದು.

ಒಂಟಿಕೊಪ್ಪಲ್ ರಾಯರು:

ಮೇಷ್ಟ್ರೇ, ಮೊಮ್ಮಗಳ ಕಥೆ ಓದಿ ಸುಮ್ಮನಾದೆ. ನನ್ನ ಮಾತು ವಾಪಸು ತೆಗೆದುಕೊಂಡಿದ್ದೇನೆ. ಇನ್ನೆರಡು ಸಂಗತಿ ಕೇಳಬೇಕು. ಮೂರನೇ ಸಂಜೆ ಏನು ನೋಡಿದಿರಿ? ಮಂಡಿ ನೋವಿನವರಿಗೆ ಆ ಥಿಯೇಟರುಗಳು ಹೇಗೆ? ನಮ್ಮ ಮನೆಯಲ್ಲೂ ಅದೇ ಕಥೆ.

ಪೇಟಿಮೇಷ್ಟ್ರ ಮಗ, ಮಂಡ್ಯ:

ಮಂಡಿಯ ವಿಷಯ ಮೊದಲು, ಅದು ಮುಖ್ಯ. ಬಹಳಷ್ಟು ಥಿಯೇಟರುಗಳು ನೂರು ವರ್ಷಕ್ಕಿಂತ ಹಳೆಯವು. ಲಿಫ್ಟು ಎಲ್ಲ ಕಡೆ ಇಲ್ಲ. ಅಗ್ಗದ ಸೀಟು ಅಂದರೆ ಮೇಲಿನ ಅಂತಸ್ತು, ಕಡಿದಾದ ಮೆಟ್ಟಿಲು, ಮುಂದಿನ ಸೀಟಿಗೆ ಮಂಡಿ ತಾಗುವಷ್ಟು ಇಕ್ಕಟ್ಟು. ಮೊದಲ ದಿನ ನನ್ನ ಮನೆಯವಳಿಗೆ ತುಂಬ ಕಷ್ಟವಾಯಿತು. ಎರಡನೇ ದಿನಕ್ಕೆ ಮಗಳು ಥಿಯೇಟರಿಗೆ ಫೋನು ಮಾಡಿ ವಿಷಯ ಹೇಳಿದಳು. ಮೆಟ್ಟಿಲು ಕಡಿಮೆ ಇರುವ ಬಾಗಿಲು ಯಾವುದು, ಸಾಲಿನ ತುದಿಯ ಸೀಟು ಯಾವುದು ಅಂತ ತಾಳ್ಮೆಯಿಂದ ಹೇಳಿದರು. ನೀವು ಸಂಕೋಚ ಪಡದೆ ಕೇಳಿ. ಹೆಂಗಸರ ಶೌಚಾಲಯಕ್ಕೆ ವಿರಾಮದಲ್ಲಿ ಉದ್ದ ಸಾಲು ಇರುತ್ತದೆ, ಪರದೆ ಬಿದ್ದ ತಕ್ಷಣ ಎದ್ದು ಹೋಗಬೇಕು.

ಮೂರನೇ ಸಂಜೆ ಅಕ್ಕ ನ್ಯೂಯಾರ್ಕಿನಲ್ಲಿ ನೋಡಿದ್ದೇ, ಫ್ಯಾಂಟಮ್. ಲಂಡನ್ನಿನಲ್ಲಿ ಅದು 1986ರ ಅಕ್ಟೋಬರ್ 9ರಂದು ಶುರುವಾದ ಥಿಯೇಟರಿನಲ್ಲೇ ಈಗಲೂ ಇದೆ, ಹೇಮಾರ್ಕೆಟಿನ ಹಿಸ್ ಮೆಜೆಸ್ಟೀಸ್. 1897ರ ಕಟ್ಟಡ. ರಾಣಿ ಇದ್ದಾಗ ಹರ್ ಮೆಜೆಸ್ಟೀಸ್ ಅಂತ ಇತ್ತು, ರಾಜ ಬಂದ ಮೇಲೆ ಹೆಸರು ಬದಲಾಯಿತು.

ಆ ನಾಟಕದ ದೀಪದ ಗೊಂಚಲು, ದೋಣಿ, ನೀರಿನೊಳಗಿಂದ ಎದ್ದ ಹಾಗೆ ಏಳುವ ಮೇಣದ ದೀಪಗಳು, ಇವನ್ನೆಲ್ಲ ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ನನಗೆ ಅದು ನಮ್ಮ ಕಂಪನಿ ನಾಟಕದ ಟ್ರಿಕ್ ಸೀನಿನ ದೊಡ್ಡಣ್ಣ ಅನ್ನಿಸಿತು. ಆದರೆ ನಾನು ಹೆಚ್ಚು ಹೊತ್ತು ನೋಡಿದ್ದು ಬೇರೆ. ವಿರಾಮದಲ್ಲಿ ಅಗ್ನಿ ತಡೆಯುವ ಪರದೆ ಕೆಳಗಿಳಿಯಿತು. ಪ್ರತಿ ಆಟದಲ್ಲೂ ಒಂದು ಸಲ ಅದನ್ನು ಜನರ ಕಣ್ಣೆದುರು ಇಳಿಸಿ ತೋರಿಸಬೇಕು ಅಂತ ಅಲ್ಲಿ ನಿಯಮ. ಹೆಂಡತಿ ಮಂಡಿ ಚಾಚಿಕೊಳ್ಳಲು ಎದ್ದವಳು ನನ್ನ ಕೈ ಹಿಡಿದು ಮುಂದಕ್ಕೆ ನಡೆಸಿದಳು. ರಂಗದ ಬುಡದಲ್ಲಿ ವಾದ್ಯದವರು ಕೂರುವ ಗುಂಡಿ ಇರುತ್ತದೆ. ಕಟಕಟೆ ಹಿಡಿದು ಬಗ್ಗಿ ನೋಡಿದೆವು. ಪಿಟೀಲು, ಕೊಳಲು, ಕೊಂಬು, ಅರ್ಧ ಕುಡಿದ ನೀರಿನ ಬಾಟಲಿ, ಸ್ವರದ ಹಾಳೆಗೆ ಹಾಕಿದ ಸಣ್ಣ ದೀಪ. ಹಾಡಿಸುವವರು ನಿಲ್ಲುವ ಪೀಠ ನಟ್ಟನಡುವೆ, ಅಲ್ಲಿಂದ ರಂಗವೂ ಕಾಣಬೇಕು, ವಾದ್ಯದವರೂ ಕಾಣಬೇಕು. ನಟ ತಪ್ಪಿದರೆ ಅವರೇ ಹಿಡಿದು ನಿಲ್ಲಿಸಬೇಕು. ನಮ್ಮಪ್ಪ ರಂಗದ ಪಕ್ಕದಲ್ಲಿ ನೆಲಕ್ಕೆ ಕೂತು ಒಂದು ಕೈಯಲ್ಲಿ ತಿದಿ ಒತ್ತುತ್ತ, ಭೀಮ ಪದ್ಯ ಮರೆತರೆ ಮೊದಲ ಸಾಲು ಗುನುಗಿ ಕೊಡುತ್ತಿದ್ದರು. ಅದೇ ಕೆಲಸ.

ನನ್ನವಳು ಮದುವೆಯಾಗಿ ಬಂದ ಕಾಲಕ್ಕೆ ಹೆಂಗಸರು ರಾತ್ರಿ ನಾಟಕಕ್ಕೆ ಮುಂದೆ ಬಂದು ಕೂರುವ ಹಾಗಿರಲಿಲ್ಲ. ಮಾವನ ಪೇಟಿಯನ್ನು ಅವಳು ಕೇಳಿದ್ದು ಮನೆಯ ಹಿತ್ತಿಲಿನಿಂದ. ಅವಳು ಆ ಗುಂಡಿಯನ್ನು ನೋಡುತ್ತ, "ಮಾವ ಇದ್ದಿದ್ರೆ ಇಲ್ಲಿಂದ ಎದ್ದು ಬರ್ತಿರ್ಲಿಲ್ಲ" ಅಂದಳು. ಎರಡನೇ ಅರ್ಧ ಶುರುವಾಗುವ ತನಕ ಅಲ್ಲೇ ನಿಂತಿದ್ದೆವು. ಮಾರನೇ ಬೆಳಿಗ್ಗೆ ವಿಮಾನ.

ಮದ್ದೂರು ಹುಡುಗ:

ಮೇಷ್ಟ್ರೇ, ಮೇ ತಿಂಗಳಿಗೆ ಮೂರೂ ಬುಕ್ ಮಾಡಿದೆ, ಕೊನೆಯ ಮೂರು ಸಂಜೆಗೆ. ಥಿಯೇಟರಿನ ಸೈಟಲ್ಲೇ. ಕಂಬ ನೋಡ್ಕೊಂಡೆ.

ದುರ್ಯೋಧನ ಪಾರ್ಟು:

ಈ ಸನಿವಾರ ರಾತ್ರಿ ಒಂಬತ್ಕೆ ನಮ್ಮೂರಲ್ಲಿ ನಾಟ್ಕ ಐತೆ. ದೇವಸ್ಥಾನದ್ ಮುಂದೆ ಸೀನರಿ ಕಟ್ತಾವ್ರೆ. ಮೇಷ್ಟ್ರು ಅಕ್ಕಾವ್ರು ರಾಯ್ರು ಎಲ್ರೂ ಬರ್ಬೇಕು. ಊಟ ನಮ್ಮನೇಲಿ. ಊರ್ ಹೆಸ್ರು ಮೇಷ್ಟ್ರಿಗೆ ಗೊತ್ತು.

ಸರಸ್ವತಿಪುರಂ ಅಕ್ಕ:

ನಾನು ಬರ್ತೀನಪ್ಪ. ಮೈಸೂರಿಗೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಸಿಗುತ್ತೆ?

ದುರ್ಯೋಧನ ಪಾರ್ಟು:

ಬೆಳಗಿನ್ ಮೊದಲ್ನೇ ಬಸ್ಸು ಅಕ್ಕಾ. ನಾಟ್ಕ ಅಷ್ಟೊತ್ಗೇ ಮುಗಿಯೋದು. ಮಂಜು ಬೀಳ್ತದೆ, ಹೊದ್ಯಾಕೆ ಸಾಲು ತನ್ನಿ. ಮೇಷ್ಟ್ರ ಮನೆಯವ್ರಿಗೆ ಮುಂದ್ಗಡೆ, ಪೇಟಿ ಪಕ್ಕದಲ್ಲೇ ಒಂದ್ ಕುರ್ಚಿ ಮಡಗಿರ್ತೀನಿ.